ಉಡಿ ತುಂಬಿಸಿಕೊಂಡು ಬಂದ ಟಿ.ವಿ.

ಬೆಳಿಗ್ಗೆ ಐದೂವರೆಗೆ ಎದ್ದು ಜಯಶ್ರೀ ಡೈರಿಯಲ್ಲಿ ಎರಡು ಸಾಲು ಬರೆದಳು: "ಟಿ.ವಿ. ಅಪ್ಪನಿಗೆ ಬೇಕು ಅಂತ ಸುಳ್ಳು ಹೇಳಿದ್ದೇನೆ. ಅಪ್ಪನಿಗೆ ಈ ವಿಷಯ ಇನ್ನೂ ಗೊತ್ತಿಲ್ಲ." ಬರೆದದ್ದನ್ನು ಮತ್ತೆ ಓದಿದಳು. 'ಸುಳ್ಳು' ಎಂಬ ಮಾತು ಬೇರೆಲ್ಲ ಮಾತುಗಳಿಗಿಂತ ದಪ್ಪಗೆ ಕಂಡಿತು. ಅದರ ಮೇಲೆ ಪೆನ್ನಿನ ಮುಚ್ಚಳವಿಟ್ಟು ಮರೆಮಾಡಿದಳು.

ಕುರುಗೋಡಿನ ಆ ಓಣಿಯಲ್ಲಿ ಅವಳಷ್ಟು ಕಡಿಮೆ ಮಾತಾಡುವವರು ಇನ್ನೊಬ್ಬರಿರಲಿಲ್ಲ. ಅಪ್ಪ ಹಂಪಯ್ಯ ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವನು. ಆ ಮನೆತನಕ್ಕೆ ಮಂಜೂರಾದ ಧ್ವನಿಯನ್ನೆಲ್ಲ ಅವನೊಬ್ಬನೇ ಖರ್ಚು ಮಾಡಿಬಿಟ್ಟಿದ್ದ. ಮಗಳ ಪಾಲಿಗೆ ಉಳಿದದ್ದು ಎರಡೇ ಮಾತು. ಯಾರು ಏನೇ ಹೇಳಲಿ, "ಹೂಂ." ತನ್ನಷ್ಟಕ್ಕೆ ತಾನು ಗೊಣಗಿದ್ದನ್ನು ಕೇಳಿಸಿಕೊಂಡು ಯಾರಾದರೂ "ಏನಂದಿ?" ಎಂದರೆ, "ಏನಿಲ್ಲ." ಬಿ.ಎಸ್ಸಿ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಪ್ರಶ್ನೆ ಕೇಳಲು ಬಂದ ಮೇಷ್ಟ್ರು ಕೂಡ ಈ ಎರಡರಲ್ಲೇ ಸಮಾಧಾನ ಮಾಡಿಕೊಂಡು ಹೋಗಿದ್ದರು.

ಮೂರು ವಾರದ ಹಿಂದೆ, ತಾತ್ಕಾಲಿಕ ಸಮೀಕ್ಷೆಯ ಕೆಲಸಕ್ಕೆಂದು ಅವಳು ಸಿರುಗುಪ್ಪದ ಹತ್ತಿರದ ದೇಶನೂರಿಗೆ ಹೋಗಿದ್ದಳು. ಸುಂಕಮ್ಮ ಎಂಬ ಎಪ್ಪತ್ತೈದು ವರ್ಷದ ಅಜ್ಜಿಯ ಪಡಸಾಲೆಯಲ್ಲಿ ಕೂತು 'ಮನೆಯಲ್ಲಿ ಟಿ.ವಿ. ಇದೆಯೇ' ಎಂಬ ಪ್ರಶ್ನೆಗೆ ಬಂದಾಗ, ಅಜ್ಜಿ "ಐತಿ" ಎಂದು ಎದ್ದು ಹೋಗಿ ಮೂಲೆಯಲ್ಲಿದ್ದ ಕಸೂತಿಯ ಬಟ್ಟೆಯನ್ನು ಸರಿಸಿದಳು.

ಜಯಶ್ರೀ ಫಾರಂ ಮರೆತಳು.

ನಾಲ್ಕು ಕಾಲಿನ ಮೇಲೆ ನಿಂತ ತೇಗದ ಬಣ್ಣದ ಪೆಟ್ಟಿಗೆ. ಮುಂದುಗಡೆ ಅಕ್ಕಪಕ್ಕಕ್ಕೆ ಸರಿಯುವ ಎರಡು ಮರದ ಬಾಗಿಲು, ಬಾಗಿಲಿಗೊಂದು ಹುಣಸೆಬೀಜದಷ್ಟು ಬೀಗ. ಬಾಗಿಲು ಸರಿಸಿದರೆ ತುಂಬಿದ ಕೊಡದ ಹೊಟ್ಟೆಯಂತೆ ಉಬ್ಬಿದ ಗಾಜು. ಬಲಗಡೆ ತಿರುವಿದರೆ ಟಕ್ ಟಕ್ ಎನ್ನುವ ಗುಂಡಿ. ಮೂಲೆಯಲ್ಲಿ ಹಿತ್ತಾಳೆಯ ನವಿಲು, ಕೆಳಗೆ 'ಮಯೂರಿ ಕಲರ್' ಎಂಬ ಅಕ್ಷರ. ಕಾಲೇಜಿನ ಭೌತಶಾಸ್ತ್ರದ ಪುಸ್ತಕದಲ್ಲಿ ಪಿಕ್ಚರ್ ಟ್ಯೂಬಿನ ಚಿತ್ರವಿದ್ದ ಪುಟವನ್ನು ಅವಳು ಪರೀಕ್ಷೆ ಮುಗಿದ ಮೇಲೂ ಓದುತ್ತಿದ್ದಳು. ಮೂರು ಕಿರಣಗಳು ಸಾವಿರಾರು ತೂತಿನ ಒಂದು ತಗಡನ್ನು ದಾಟಿ ಬಂದು, ಕೆಂಪು ಹಸಿರು ನೀಲಿ ಚುಕ್ಕೆಗಳನ್ನು ಮುಟ್ಟಿ, ಅಷ್ಟರಲ್ಲೇ ಲೋಕದ ಎಲ್ಲ ಬಣ್ಣವನ್ನೂ ಮಾಡಿಕೊಡುತ್ತವೆ. ಕೈಯಲ್ಲಿರುವ ಫೋನಿನಲ್ಲಿ ಚಿತ್ರ ಬಂದರೆ ಅವಳಿಗೆ ಆಶ್ಚರ್ಯವಾಗುತ್ತಿರಲಿಲ್ಲ. ಇಂಥ ಪೆಟ್ಟಿಗೆಯಲ್ಲಿ ಬರುತ್ತಿತ್ತಲ್ಲ ಎಂದು ನೆನೆದರೆ ಆಗುತ್ತಿತ್ತು.

"ನಾಕು ಗಂಡು ಹಡೆದೀನವ್ವ," ಅಂದಳು ಸುಂಕಮ್ಮಜ್ಜಿ. "ಹೆಣ್ಣು ಅಂದ್ರ ನನಗ ಇದೊಂದ. ನಾನು, ನಮ್ಮ ಮನಿಯವರು, ಬಳ್ಳಾರಿಯಿಂದ ಬಂಡಿಯಾಗ ಹುಲ್ಲು ಹಾಸಿ ತಂದಿದ್ವಿ. ಮಾತು ನಿಂತು ಹನ್ನೊಂದು ವರ್ಷ ಆತು. ಸೊಸ್ತೇರು ಗುಜರಿಗೆ ಹಾಕ್ತೀವಿ ಅಂತಾರ."

"ಗುಜರಿಗೆ ಬ್ಯಾಡ," ಎಂದು ಜಯಶ್ರೀಯ ಬಾಯಿಂದ ತಾನಾಗಿ ಬಂತು.

"ನಿನಗ ಬೇಕೇನು?"

ಬೇಕು. ಮೈಯೆಲ್ಲ ಬೇಕು ಅನ್ನುತ್ತಿತ್ತು. ಆದರೆ ಇಪ್ಪತ್ನಾಲ್ಕು ವರ್ಷದ ಹುಡುಗಿ ಊರ ಮೇಲೆ ಹೋಗಿ ಕೆಟ್ಟ ಟಿ.ವಿ. ಬೇಡಿ ತಂದಳು ಅಂದರೆ ಜನ ಏನಂದಾರು? "ನಮ್ಮಪ್ಪಗ," ಅಂದಳು. "ಭಾಳ ಆಸಿ ಅವರಿಗೆ."

ಬೆಲೆಯ ಮಾತೆತ್ತಿದರೆ ಅಜ್ಜಿ ಸಿಟ್ಟಾದಳು. "ಮಗಳನ್ನ ಯಾರರ ಮಾರ್ತಾರೇನು? ಕೊಡ್ತೀನಿ, ಸುಮ್ನ ಕೊಡ್ತೀನಿ. ಆದ್ರ ಆಷಾಢ ಮುಗೀಲಿ. ಆಷಾಢದಾಗ ಹೆಣ್ಣು ಕಳಸಂಗಿಲ್ಲ."

ಇವತ್ತು ಶ್ರಾವಣದ ಮೊದಲ ದಿನ.

ಪಂಚಮಿ ನಾಲ್ಕು ದಿನ ಉಳಿದಿತ್ತು. ಓಣಿಯ ತುಂಬ ಹುರಿದ ಶೇಂಗಾದ ವಾಸನೆ. ಅವ್ವ ಮೊನ್ನೆಯೇ ತವರುಮನೆ ರಾರಾವಿಗೆ ಹೋಗಿದ್ದಳು. ಅಪ್ಪ ಎದ್ದು ಹೊರಗೆ ಬರುವ ಮೊದಲೇ ಜಯಶ್ರೀ ಓಣಿಯ ಹುಡುಗ ರಾಮಾಂಜಿನಿಯ ಗೂಡ್ಸ್ ಆಟೋದಲ್ಲಿ ಕೂತು ದೇಶನೂರಿನ ದಾರಿ ಹಿಡಿದಿದ್ದಳು.

ಅಲ್ಲಿ ಹೋಗಿ ನೋಡಿದರೆ ಟಿ.ವಿ. ಸಿಂಗಾರಗೊಂಡು ನಿಂತಿತ್ತು. ಎರಡೂ ಬಾಗಿಲಿಗೆ ಅರಿಶಿನ ಕುಂಕುಮ. ತಲೆಯ ಮೇಲಿನ ಏರಿಯಲ್ ಕಡ್ಡಿಗಳಿಗೆ ಹಸಿರು ಬಳೆ, ಮೇಲೊಂದು ಮೊಳ ಮಲ್ಲಿಗೆ. ಅಜ್ಜಿ ಹೊಸ ಕುಪ್ಪಸದ ಬಟ್ಟೆಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅಡಿಕೆ, ಅರಿಶಿನ ಕೊಂಬು ಹಾಕಿ ಟಿ.ವಿ.ಗೆ ಉಡಿ ತುಂಬಿ, ಗಂಟನ್ನು ಮುಂದಿನ ಎರಡು ಕಾಲಿಗೆ ಬಿಗಿಯಾಗಿ ಕಟ್ಟಿದಳು. ಆಮೇಲೆ ಜಯಶ್ರೀಯನ್ನು ಕೂಡಿಸಿಕೊಂಡು ಅವಳ ಜಡೆಗೂ ಹೂವು, ಕೈಗೂ ಬಳೆ, ಹಣೆಗೆ ಕಾಸಿನಗಲ ಕುಂಕುಮ.

ರಾಮಾಂಜಿನಿ ತಲೆ ಕೆರೆದುಕೊಂಡ. "ಅಜ್ಜಿ, ಲೋಡು ಎಷ್ಟೈತಿ ಅಂತ ಕೇಳಬೇಕಂತ ಬಂದೆ. ಈಗ ಮುಹೂರ್ತ ಎಷ್ಟೊತ್ತಿಗೆ ಅಂತ ಕೇಳಬೇಕೇನು?"

"ಸುಮ್ನ ಹಗ್ಗ ಕಟ್ಟಲೇ," ಅಂದಳು ಅಜ್ಜಿ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. ಬಳಿಕ ಜಯಶ್ರೀಯ ಕೈ ಹಿಡಿದಳು. "ಸಂಜಿ ಐದರ ಬಸ್ಸಿಗೆ ನಾನು ನಿಮ್ಮ ಮನಿಗೆ ಬರ್ತೀನಿ. ಮಗಳು ಹೆಂಗ ಅದಾಳ ನೋಡಬೇಕಲ್ಲವ್ವ? ಮಾತಾಡಿದ್ಲು, ನಕ್ಕಳು ಅಂದ್ರ ಇನ್ನ ನಿಮ್ಮ ಮನಿಯಾಕಿ. ಮೂಲ್ಯಾಗ ಮೂಗಿ ಆಗಿ ಕುಂತಿದ್ಲು ಅಂದ್ರ ಹಿಂದಕ ಕರಕೊಂಡು ಬರ್ತೀನಿ. ಆತಿಲ್ಲ?"

"ಹೂಂ," ಅಂದಳು ಜಯಶ್ರೀ. ಹನ್ನೊಂದು ವರ್ಷ ಮಾತು ಬಿಟ್ಟಿದ್ದ ಟಿ.ವಿ. ಒಂಬತ್ತು ತಾಸಿನಲ್ಲಿ ಮಾತಾಡಬೇಕಾಗಿತ್ತು.

ಸಿರುಗುಪ್ಪದ ಸರ್ಕಲ್ಲಿನಲ್ಲಿ ಭತ್ತದ ಮೂಟೆ ಹೇರಿದ ಟ್ರಾಕ್ಟರೊಂದು ಅಡ್ಡ ನಿಂತು ದಾರಿ ಕಟ್ಟಿತು. ಹಿಂದೆ ಟಿ.ವಿ.ಯನ್ನು ತಬ್ಬಿಕೊಂಡು ಕೂತಿದ್ದ ಜಯಶ್ರೀಯನ್ನು ಸರ್ಕಲ್ಲಿಗೆ ಸರ್ಕಲ್ಲೇ ನೋಡಿತು. ಹೂವು ಮಾರುವ ಹೆಂಗಸು ಹತ್ತಿರ ಬಂದು, "ಎಲ್ಲಿಗೆ?" ಎಂದರೆ ರಾಮಾಂಜಿನಿ, "ಹೆಣ್ಣು ಒಪ್ಪಿಸಾಕ ಹೊಂಟೀವಿ," ಎಂದ. ಅವಳು ಎರಡು ಗುಲಾಬಿ ಎಸೆದಳು.

ಅಷ್ಟರಲ್ಲಿ ಪಕ್ಕಕ್ಕೆ ಕುರುಗೋಡಿನ ಬಸ್ಸು ಬಂದು ನಿಂತಿತು. ಅದರ ಕಿಟಕಿಯಿಂದ ಕತ್ತು ಹೊರಹಾಕಿದವನು ಕಂಡಕ್ಟರ್ ವಿರೂಪಾಕ್ಷಿ, ಹಂಪಯ್ಯನ ಕೈಕೆಳಗೆ ಟಿಕೆಟ್ ಹರಿಯುವುದನ್ನು ಕಲಿತವನು. ಅವನು ಹೂವು ನೋಡಿದ, ಬಳೆ ನೋಡಿದ, ಹೊದಿಕೆಯ ಕೆಳಗೆ ಉಡಿಯ ಗಂಟು ನೋಡಿದ. "ಏನವ್ವ ಜಯಶ್ರೀ, ಮದುವಿ ಮಾಡಿಕೊಂಡೇನು?"

ಇಲ್ಲ ಅನ್ನಬೇಕೆಂದು ಅವಳು ಬಾಯಿ ತೆರೆದಳು. ಆದರೆ ಇಪ್ಪತ್ನಾಲ್ಕು ವರ್ಷದ ಅಭ್ಯಾಸ ಅವಳಿಗಿಂತ ಮುಂದೆ ಓಡಿತು. "ಹೂಂ."

ಟ್ರಾಕ್ಟರು ಸರಿಯಿತು. ಬಸ್ಸು ಮುಂದೆ ಹೋಯಿತು. ಆಟೋಕ್ಕಿಂತ ಮುಕ್ಕಾಲು ತಾಸು ಮೊದಲೇ ಅದು ಕುರುಗೋಡು ಮುಟ್ಟುವಂಥದ್ದು.

ಇವರ ಆಟೋ ಓಣಿಗೆ ತಿರುಗಿದಾಗ ಮನೆಯ ಮುಂದೆ ನೀರು ಹೊಡೆದು ರಂಗೋಲಿ ಹಾಕಿತ್ತು. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು. ಎದುರುಮನೆ ಅರುಣಾ ಶೇಂಗಾ ಉಂಡಿ ಕಟ್ಟುತ್ತಿದ್ದ ಬೆಲ್ಲದ ಕೈಯಲ್ಲೇ ಆರತಿ ತಟ್ಟೆ ಹಿಡಿದು ನಿಂತಿದ್ದಳು. ನಡುವೆ ಹಂಪಯ್ಯ, ತುಂಬಿದ ಬಸ್ಸಿನಲ್ಲಿ ಒಂದು ಟಿಕೆಟ್ ಕಡಿಮೆ ಲೆಕ್ಕ ಬಂದಂಥ ಮುಖ ಮಾಡಿಕೊಂಡು.

"ಯಾರವ?" ಅಂದ ಹಂಪಯ್ಯ. ಓಣಿಯ ಕೊನೆಯ ನಾಯಿ ಎದ್ದು ಕೂತಿತು. "ಯಾವೂರವ? ಇಳಸು ಅವನ್ನ ಕೆಳಗ."

"ಅವನಲ್ಲ ಮಾವಾ, ಅವಳು," ಎಂದು ರಾಮಾಂಜಿನಿ ಹೊದಿಕೆ ಎಳೆದ. "ನೋಡ್ರಿ ಇಲ್ಲಿ. ನಿಮಗ ಭಾಳ ಆಸಿ ಅಂತ ದೇಶನೂರಿನ ಅಜ್ಜಿ ಮುಂದ ಹೇಳಿ, ಬೇಡಿ ತಂದಾಳ ನಿಮ್ಮ ಮಗಳು."

ಹಂಪಯ್ಯ ಟಿ.ವಿ.ಯನ್ನು ನೋಡಿದ, ಮಗಳನ್ನು ನೋಡಿದ. "ನನಗ?" ಎಂದ. ಆ ಧ್ವನಿ ಪಕ್ಕದಲ್ಲಿದ್ದ ಅರುಣಾಗೂ ಸರಿಯಾಗಿ ಕೇಳಲಿಲ್ಲ. ಮೂವತ್ತು ವರ್ಷ ಜನರಿಂದ ಚಿಲ್ಲರೆ ಇಸಿದುಕೊಂಡದ್ದು ಬಿಟ್ಟರೆ, ಇದು ನಿನಗೆ ಎಂದು ಯಾರೂ ಅವನಿಗೆ ಏನನ್ನೂ ತಂದುಕೊಟ್ಟವರಲ್ಲ. "ನನಗ ಆಸಿ ಐತಿ ಅಂತ ನಿನಗ ಹೆಂಗ ಗೊತ್ತಾತವ್ವ?"

ಅಪ್ಪನ ಗಂಟಲು ಅಷ್ಟರಲ್ಲಿ ಮತ್ತೆ ಸರಿಹೋಗಿತ್ತು. ಅವನು ಓಣಿಯ ಕಡೆ ತಿರುಗಿದ್ದ. "ಮೊದಲಿಂದ ಇತ್ತು ನೋಡ್ರಿ. ಯಾರ ಮುಂದೂ ಹೇಳಿದ್ದಿಲ್ಲ. ಕಣ್ಣಾಗ ಓದ್ಯಾಳ ನನ್ನ ಮಗಳು, ಕಣ್ಣಾಗ."

"ಬೇಕಾಗಿದ್ದು ನನಗ," ಎಂದು ಅವಳು ಟಿ.ವಿ.ಯ ನವಿಲಿಗೆ ಹೇಳಿದಳು.

"ಏನಂದಿ?" ಅಂದ ಹಂಪಯ್ಯ.

"ಏನಿಲ್ಲ."

ಅರುಣಾ ಮಾತ್ರ ತಟ್ಟೆ ಇಳಿಸಲಿಲ್ಲ. "ಹಚ್ಚಿದ ಆರತಿ ತಿರುಗಿ ಒಯ್ಯಾಕ ಬರಂಗಿಲ್ಲ. ಉಡಿ ತುಂಬಿಸಿಕೊಂಡು ಬಂದಾಕಿ ಯಾರಾದ್ರೇನು," ಎಂದು ಟಿ.ವಿ.ಗೇ ಆರತಿ ಎತ್ತಿದಳು. ನಾಲ್ಕು ಜನ ಹೊತ್ತುಕೊಂಡು ಒಳಗೆ ಬರುವಾಗ, "ಬಲಗಾಲು, ಬಲಗಾಲು ಮೊದಲು," ಎಂದು ಕೂಗಿ ಅವರನ್ನು ಹೊಸ್ತಿಲ ಮೇಲೆ ತಿರುಗಿಸಿ, ಮುಂದಿನ ಬಲಗಾಲಿನಿಂದ ಸೇರಿನ ಅಕ್ಕಿ ಒದೆಸಿಯೇ ಬಿಟ್ಟಳು.

ಒಂದರ ಬಸ್ಸಿಗೆ ಬಳ್ಳಾರಿಯಿಂದ ಎರ್ರಣ್ಣ ಬಂದ. ಒಂದು ಕಾಲದಲ್ಲಿ ಟಿ.ವಿ. ರಿಪೇರಿಗೆ ಹೆಸರಾದವನು, ಈಗ ಅದೇ ಅಂಗಡಿಯಲ್ಲಿ ಮೊಬೈಲಿನ ಕವರು ಮಾರುತ್ತಿದ್ದ. ಜಯಶ್ರೀ ಫೋನಿನಲ್ಲಿ ಮಾತಾಡಲು ನಾಚಿ, ಮಯೂರಿಯ ಫೋಟೊ ಒಂದನ್ನು ಕಳಿಸಿದ್ದಳು, ಅಷ್ಟೇ. ಅವನು ಅಂಗಡಿ ಮುಚ್ಚಿ ಚೀಲ ಹೊತ್ತು ಬಂದಿದ್ದ.

ಹಿಂದಿನ ಹಲಗೆ ಬಿಚ್ಚಿದಾಗ ಒಳಗೆ ಕಣಜದ ಗೂಡು, ಹಲ್ಲಿಯ ಮೊಟ್ಟೆ, ಅಜ್ಜಿಯ ಮನೆಯ ಒಂದು ಬಾಚಣಿಗೆ. ಎಲ್ಲವನ್ನೂ ಬ್ರಷ್ಷಿನಿಂದ ಸರಿಸಿ ಎರ್ರಣ್ಣ ಟಾರ್ಚು ಬಿಟ್ಟ.

"ಚೂಡಮ್ಮಾ," ಅಂದ ತೆಲುಗಿನಲ್ಲಿ. "ಒಂದೊಂದು ವಾಯರು ಹೆಂಗ ಕಟ್ಯಾರ ನೋಡು, ಹೆಣ್ಣುಮಗಳ ಜಡಿ ಹೆಣೆದಂಗ. ಇದನ್ನ ಮಾಡಿದವರು ಮನಿಗೆ ಹೋಗೋ ಅವಸರದಾಗ ಇದ್ದಿಲ್ಲ."

ಜಯಶ್ರೀ ಪೆನ್ಸಿಲಿನ ತುದಿಯಿಂದ ಒಳಗೊಂದು ಕಡೆ ತೋರಿಸಿದಳು. ಮೂರು ಕಂಡೆನ್ಸರುಗಳು ಪೂರಿಯಂತೆ ತಲೆ ಉಬ್ಬಿಸಿಕೊಂಡು ನಿಂತಿದ್ದವು; ಅವು ಕೆಟ್ಟದ್ದಕ್ಕೆ ಅದೇ ಗುರುತು. ಎರ್ರಣ್ಣ ಅವಳನ್ನು ಕನ್ನಡಕದ ಮೇಲಿಂದ ನೋಡಿದ. "ಎಲ್ಲಿ ಕಲತಿ?"

"ಓದಿದ್ದೆ," ಎಂದಳು. ಆ ದಿನ ಅಷ್ಟರವರೆಗೆ ಅವಳು ಮನುಷ್ಯರ ಜೊತೆ ಆಡಿದ ಅತಿ ಧಾರಾಳದ ಮಾತು ಅದು.

ಅಲ್ಲಿಂದ ಮುಂದೆ ಅವರಿಬ್ಬರಿಗೆ ಮಾತು ಬೇಕಾಗಲಿಲ್ಲ. ಅವನು ಕೈ ಚಾಚಿದರೆ ಅವಳು ಬೇಕಾದದ್ದನ್ನೇ ಇಡುತ್ತಿದ್ದಳು. ಮಾತೆಲ್ಲ ಓಣಿಯವರದು. ಬಾಗಿಲಲ್ಲಿ ನಿಂತ ಒಬ್ಬರು ಟಿ.ವಿ.ಗೆ ಬಿಸಿಲು ಕಾಯಿಸಿ ಅಂದರು, ಇನ್ನೊಬ್ಬರು ಮೇಲೆ ಎರಡೇಟು ಹಾಕಿ ಅಂದರು. ಹಂಪಯ್ಯ ಕುರ್ಚಿ ಹಾಕಿಸಿಕೊಂಡು, ತನಗೆ ಈ ಆಸೆ ಹುಟ್ಟಿದ್ದು ಎಷ್ಟನೇ ವಯಸ್ಸಿನಲ್ಲಿ ಎಂದು ವಿವರಿಸುತ್ತಿದ್ದ. ಸಂಜೆಯ ಹೊತ್ತಿಗೆ ಅದು ಒಂಬತ್ತನೇ ವಯಸ್ಸಿಗೆ ಇಳಿದಿತ್ತು.

ನಾಲ್ಕಕ್ಕೆ ಎರ್ರಣ್ಣ ಟಿ.ವಿ.ಯ ವಾಯರಿನ ನಡುವೆ ಒಂದು ನೂರು ವಾಟಿನ ಬಲ್ಬು ಸೇರಿಸಿ ಸ್ವಿಚ್ ಒತ್ತಿದ. ಬಲ್ಬು ಝಗ್ಗೆಂದು ಹತ್ತಿ, ಮೆಲ್ಲಗೆ ಮಂಕಾಗಿ ಮಲಗಿತು. "ಹೋತು," ಎಂದು ಅರುಣಾ ಹಣೆ ಒತ್ತಿಕೊಂಡಳು. ಜಯಶ್ರೀ ಮಾತ್ರ ಉಸಿರು ಬಿಟ್ಟು ನಕ್ಕಳು. ಬಲ್ಬು ಹಾಗೆ ಮಂಕಾಯಿತೆಂದರೆ ಒಳಗೆ ಎಲ್ಲವೂ ಸರಿಯಿದೆ ಎಂದರ್ಥ.

ಗಾಳಿಯಲ್ಲಿ ಈಗ ಅದರ ಕಾಲದ ಅಲೆಗಳು ಇರಲಿಲ್ಲ. ಅರುಣಾಳ ಮನೆಯ ಡಿಶ್ ಪೆಟ್ಟಿಗೆಯ ಮಾತು ಈ ಟಿ.ವಿ.ಗೆ ತಿಳಿಯುವಂಥದ್ದಲ್ಲ. ಎರ್ರಣ್ಣ ಚೀಲದಿಂದ ಹಳೆಯ ವಿ.ಸಿ.ಆರ್. ತೆಗೆದು ಎರಡರ ನಡುವೆ ದುಭಾಷಿಯಂತೆ ಕೂಡಿಸಿದ. ಗುಂಡಿ ಟಕ್ ಟಕ್ ಎಂದಿತು. ಗಾಜಿನ ಆಳದಲ್ಲಿ ಬೆಳಗಾಗುವ ಹಾಗೆ ನಿಧಾನಕ್ಕೆ ಬೆಳಕು ಮೂಡಿ, ಸುದ್ದಿ ಓದುವ ಹೆಂಗಸೊಬ್ಬಳು ಕಾಣಿಸಿಕೊಂಡಳು. ಹಸಿರಾಗಿ.

"ಅಯ್ಯ, ಆಕಿ ಮುಖ ಹೀರಿಕಾಯಿ ಆಗೈತಲ್ಲ," ಅಂದಳು ಅರುಣಾ.

ಎರ್ರಣ್ಣನ ಮುಖವೂ ಇಳಿಯಿತು. ಟ್ಯೂಬು ಹೋಗಿದ್ದರೆ ಅದಕ್ಕೆ ಔಷಧವಿರಲಿಲ್ಲ. ಆದರೆ ಜಯಶ್ರೀ ಟಿ.ವಿ.ಯ ತಲೆಯ ಮೇಲೆ ನೋಡುತ್ತಿದ್ದಳು. ಅಪ್ಪ ಗೌರವಕ್ಕೆಂದು ತನ್ನ ದೊಡ್ಡ ಸ್ಪೀಕರಿನ ರೇಡಿಯೊವನ್ನು ಅಲ್ಲಿ ತಂದು ಇಟ್ಟಿದ್ದ. ಸ್ಪೀಕರಿನಲ್ಲಿ ಅಯಸ್ಕಾಂತ, ಅಯಸ್ಕಾಂತದ ಹತ್ತಿರ ಮೂರು ಕಿರಣಗಳೂ ದಾರಿ ತಪ್ಪುತ್ತವೆ. ಅವಳು ಏನೂ ಹೇಳದೆ ರೇಡಿಯೊ ಎತ್ತಿ ಒಳಗಿಟ್ಟು ಬಂದು ಟಿ.ವಿ. ಆರಿಸಿದಳು. ಎರ್ರಣ್ಣ ತೊಡೆ ತಟ್ಟಿಕೊಂಡ. "ಹೌದಲ್ಲ ತಂಗಿ. ಸ್ವಲ್ಪ ತಣ್ಣಗಾಗಲಿ. ಮತ್ತ ಹಚ್ಚಿದ್ರ ತಾನ ಮುಖ ತೊಳಕೊಂತೈತಿ."

ತಣ್ಣಗಾಯಿತು. ಹಚ್ಚಲು ಹೋದರೆ ಕರೆಂಟು ಇರಲಿಲ್ಲ.

ಐದಾಯಿತು. ಐದೂ ಹತ್ತಾಯಿತು. ಹಂಪಯ್ಯ ಕರೆಂಟಿನ ಆಫೀಸಿಗೆ ಫೋನ್ ಮಾಡಿ ಮಾತಾಡಿದ. ಫೋನ್ ಇಲ್ಲದಿದ್ದರೂ ಅವರಿಗೆ ಕೇಳಿಸುತ್ತಿತ್ತು. ಅಷ್ಟರಲ್ಲಿ ಕೈಯಲ್ಲಿ ಡಬ್ಬಿ ಹಿಡಿದು ಸುಂಕಮ್ಮಜ್ಜಿ ಹೊಸ್ತಿಲು ದಾಟಿ ಬಂದಳು. ಯಾರನ್ನೂ ಮಾತಾಡಿಸದೆ ನೇರ ಟಿ.ವಿ.ಯ ಮುಂದೆ ಹೋಗಿ ನೆಲದ ಮೇಲೆ ಕೂತಳು. ಗಾಜು ಕಪ್ಪಗಿತ್ತು.

"ಮೂಗಿ ಆಗೇ ಅದಾಳಲ್ಲವ್ವ," ಅಂದಳು.

ಐದು ನಿಮಿಷ ಇರಿ, ಕರೆಂಟು ಬರಲಿ ಎನ್ನಬೇಕೆಂದುಕೊಂಡ ಜಯಶ್ರೀಯ ಬಾಯಿಂದ ಬಂದದ್ದು 'ಹೂಂ' ಮಾತ್ರ. ಅಜ್ಜಿ ಮೊಣಕಾಲಿಗೆ ಕೈಯೂರಿ ಏಳತೊಡಗಿದಳು.

ಕರೆಂಟು ಬಂತು.

ಪೆಟ್ಟಿಗೆ ಝೂಂ ಎಂದು ಮೈ ಝಾಡಿಸಿತು. ಬೆಳಕು ಮೂಡಿತು. ಯಾವುದೋ ಕೃಷಿ ಕಾರ್ಯಕ್ರಮ, ಯಾವುದೋ ಊರಿನ ಭತ್ತದ ಗದ್ದೆ. ಹಸಿರು ಅಂದರೆ ಹಸಿರು, ಈಗ ತಾನೇ ಕಾಲುವೆ ನೀರು ಕುಡಿದ ಹಸಿರು. ನಡುವೆ ಕೆಂಪು ಸೀರೆಯ ಹೆಂಗಸು, ಹೆಂಗಸಿಗೆ ಹೆಂಗಸಿನದೇ ಬಣ್ಣದ ಮುಖ. ಅಂಗೈಯಗಲದ ಫೋನಿನಲ್ಲಿ ದಿನವೂ ಇದಕ್ಕಿಂತ ಸ್ಪಷ್ಟ ಚಿತ್ರ ನೋಡುವ ಓಣಿ ಬಾಯಿ ತೆರೆದು ನಿಂತಿತು.

ಅಜ್ಜಿ ಗಾಜಿನ ಮೇಲೆ ಕೈಯಿಟ್ಟಳು. "ತಂದ ದಿನಾನೂ ಹಿಂಗ ಗದ್ದಿ ತೋರ್ಸಿದ್ರು," ಅಂದಳು. "ನಮ್ಮ ಮನಿಯವರು, ಇದು ನಮ್ಮ ಹೊಲ ಅಲ್ಲೇನ ಅಂತ ಕೇಳಿದ್ರು." ಜಯಶ್ರೀಯ ಗದ್ದ ಹಿಡಿದು, "ಬಂಗಾರದಂಗ ನೋಡಿಕೊಂಡಿ ತಾಯಿ. ಇನ್ನ ಆಕಿ ನಿಮ್ಮ ಮನಿಯಾಕಿ," ಅಂದಳು.

ಜಯಶ್ರೀಗೆ ಕಣ್ಣು ತುಂಬಿತು. ರಾತ್ರಿ ಡೈರಿಯಲ್ಲಿ ಬರೆಯುವ ಮೊದಲ ಸಾಲು ಮನಸ್ಸಿನಲ್ಲೇ ಸಿದ್ಧವಾಯಿತು.

ಎಲ್ಲರೂ ಚಹ ಕುಡಿದರು. ಅಜ್ಜಿ ಡಬ್ಬಿ ತೆಗೆದು ಎಲ್ಲರಿಗೂ ಎಳ್ಳುಂಡಿ ಕೊಟ್ಟಳು. ಕೊಟ್ಟು ಕೈ ಝಾಡಿಸಿಕೊಂಡು, "ರಾಮಾಂಜಿನಿ, ಗಾಡಿ ಬಾಗಲಿಗೆ ಹಚ್ಚಪ್ಪ," ಅಂದಳು.

"ಎಲ್ಲಿಗಜ್ಜಿ?"

"ಎಲ್ಲಿಗೇನು? ನಾಕು ದಿನಕ್ಕ ಪಂಚಮಿ. ಮಗಳನ್ನ ಕೊಟ್ಟ ಮೊದಲನೇ ಪಂಚಮಿ. ತವರಿಗೆ ಕರಕೊಂಡು ಹೋಗಬ್ಯಾಡೇನು? ಕರಿಯಾಕ ಅಂತನ ಉಂಡಿ ತಂದೀನಿ. ಮಾತು ಬ್ಯಾರೆ ಬಂದೈತಿ ಆಕಿಗೆ."

ಜಯಶ್ರೀ ಆಶೆಯಿಂದ ಅರುಣಾಳ ಕಡೆ ನೋಡಿದಳು. ಬೆಳಿಗ್ಗೆ ಟಿ.ವಿ.ಯಿಂದ ಸೇರು ಒದೆಸಿದ್ದ ಅರುಣಾ ತಲೆಯಾಡಿಸುತ್ತಿದ್ದಳು. "ಖರೇ ಐತಿ. ಮೊದಲನೇ ಪಂಚಮಿಗೆ ಕಳಸಲಿಲ್ಲ ಅಂದ್ರ ನಾಕು ಮಂದಿ ಏನಂತಾರ?" ಬಾಗಿಲಲ್ಲಿದ್ದ ನಾಲ್ಕು ಮಂದಿಯೂ ಹೌದೆಂದರು. ಎರ್ರಣ್ಣ ಆಗಲೇ ವಿ.ಸಿ.ಆರ್. ಸುತ್ತಿಡುತ್ತಿದ್ದ, ಅಲ್ಲಿ ತಾನೇ ಹಚ್ಚಿಕೊಟ್ಟು ಬರುತ್ತೇನೆಂದು.

"ನನಗ ಇವರ್ಯಾರ ಮಾತೂ ಬ್ಯಾಡ," ಅಂದಳು ಅಜ್ಜಿ, ಹಂಪಯ್ಯನ ಕಡೆ ತಿರುಗಿ. "ಆಸಿಪಟ್ಟು ತರಿಸಿಕೊಂಡವರು ನೀವು. ನೀವು ಹೂಂ ಅನ್ನಬೇಕು."

ಇಡೀ ಓಣಿ ಹಂಪಯ್ಯನನ್ನು ನೋಡಿತು. ಒಂಬತ್ತನೇ ವಯಸ್ಸಿನಿಂದ ಕಾಯ್ದುಕೊಂಡು ಬಂದ ಆಸೆಯನ್ನು ನಾಲ್ಕು ಜನರೆದುರು ಬಿಟ್ಟುಕೊಡುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ. ಅವನು ಎದ್ದು ನಿಂತ, ಎದೆಯ ಮೇಲೆ ಕೈಯಿಟ್ಟ. "ಕರಕೊಂಡು ಹೋಗ್ರಿ ಅಮ್ಮಾರ. ಪಂಚಮಿ ಒಂದ ಯಾಕ, ಮೊದಲನೇ ವರ್ಷದ ಹಬ್ಬ ಎಲ್ಲಾ ತವರಾಗ ಆಗ್ಲಿ. ದೀಪಾವಳಿ ಮುಗಿಸಿಕೊಂಡ ಬರ್ಲಿ. ನಂದ ಅಲ್ಲೇನು, ನಾ ಹೇಳ್ತೀನಿ."

ಅರುಣಾ ಒಳಗೆ ಹೋಗಿ ಅಕ್ಕಿ, ಕೊಬ್ಬರಿ ತಂದು ಹಳೆಯ ಉಡಿಗೆ ಹೊಸದನ್ನು ಸೇರಿಸಿ ಗಂಟು ಹಾಕಿದಳು. ಬೆಳಿಗ್ಗೆ ಹೊತ್ತು ತಂದ ಅದೇ ನಾಲ್ಕು ಜನ ಹೊತ್ತು ಹೊರಗೆ ತಂದರು. ಟಿ.ವಿ.ಯ ಒಂದು ಪಕ್ಕ ಸುಂಕಮ್ಮಜ್ಜಿ, ಇನ್ನೊಂದು ಪಕ್ಕ ಎರ್ರಣ್ಣ. ಹಿತ್ತಾಳೆಯ ನವಿಲು ಸಂಜೆಯ ಬಿಸಿಲಿಗೆ ಒಮ್ಮೆ ಮಿಂಚಿತು. ಹಂಪಯ್ಯ ಆಟೋದ ಬೆನ್ನಿಗೆ ಎರಡು ಸಲ ತಟ್ಟಿ, ಮೂವತ್ತು ವರ್ಷದ ಗಂಟಲಿನಲ್ಲಿ "ರೈಟ್, ರೈಟ್," ಎಂದ. ಆಟೋ ಹೊರಟು ಓಣಿಯ ತಿರುವಿನಲ್ಲಿ ಮರೆಯಾಯಿತು.

ಹೊಸ್ತಿಲ ಮೇಲೆ ಚೆಲ್ಲಿದ ಅಕ್ಕಿಯ ನಡುವೆ ನಿಂತು ಜಯಶ್ರೀ ಏನೋ ಗೊಣಗಿದಳು.

"ಏನಂದಿ?" ಅಂದ ಹಂಪಯ್ಯ, ಉತ್ತರ ಗೊತ್ತಿದ್ದವನ ಹಾಗೆ ಆಗಲೇ ಒಳಗೆ ತಿರುಗುತ್ತ.

ಅವಳು ಅಪ್ಪನನ್ನು ನೋಡಿದಳು, ಉಂಡಿ ಕಟ್ಟಲು ಕೂತ ಅರುಣಾಳನ್ನು ನೋಡಿದಳು, ಖಾಲಿ ಓಣಿಯನ್ನು ನೋಡಿದಳು. ಆಮೇಲೆ, ತಿರುವಿನಾಚೆಯ ಆಟೋಕ್ಕೆ ಕೇಳದಿದ್ದರೂ ಓಣಿಯ ಕೊನೆಯ ನಾಯಿ ಮತ್ತೊಮ್ಮೆ ಎದ್ದು ಕೂರುವಷ್ಟು ಗಟ್ಟಿಯಾಗಿ ಹೇಳಿದಳು.

"ಅದು ನಂದು ಅಂದೆ, ಅಪ್ಪ."